ಮೇನ್ ವಾಲ್ವ್ ತೆಗೆದಿದೆ

ಜನವರಿ 9

ಫಾದರ್‌ಗೆ, ನಿಮ್ಮ ಚರ್ಚಿನ ಬಡಗಿ ಮಾಡುವ ನಮಸ್ಕಾರ.

ನಾನು ಕಾಗದ ಬರೆಯೋಕೆ ಕೂತಿದ್ದು ನೋಡಿ ನನ್ನ ಹೆಂಡತಿ, ಯಾರು ಹೋಗ್ಬಿಟ್ರು ಅಂತ ಕೇಳಿದಳು. ಯಾರೂ ಹೋಗಿಲ್ಲ, ಗಾಬರಿ ಬೀಳಬೇಡಿ. ಫೋನ್ ಮಾಡೋಣ ಅಂದ್ರೆ ನಿಮಗೆ ಕಿವಿ ಕೇಳಲ್ಲ. ಹೋದ ಸಲ ನಾನು ಕೂಗಿದ್ದು ನಿಮ್ಮೊಬ್ಬರಿಗೆ ಬಿಟ್ಟು ಇಡೀ ಶಾಲೆಗೆ ಕೇಳಿಸ್ತು. ಅದಕ್ಕೇ ಕಾಗದ. ನಾಲ್ಕನೇ ಕ್ಲಾಸಿನ ಕಾಗುಣಿತ, ಒತ್ತು ಬಿಟ್ಟುಹೋದ ಕಡೆ ನೀವೇ ಒತ್ತಿಕೊಂಡು ಓದಿ.

ವಿಷಯ ಏನಪ್ಪಾ ಅಂದ್ರೆ, ನೀವು ನಿವೃತ್ತ ಗುರುಗಳ ಮನೆಗೆ ಹೋದ ಮೇಲೆ ಬಂದ ಹೊಸ ಫಾದರ್ ಇಲ್ಲಿ ಸುಧಾರಣಾ ಸಮಿತಿ ಅಂತ ಒಂದು ಮಾಡಿದ್ದಾರೆ. ಚರ್ಚಿನ ಚಾವಣಿ ರಿಪೇರಿ, ವಯಸ್ಸಾದವರು ಹತ್ತೋಕೆ ಮೆಟ್ಟಿಲ ಪಕ್ಕ ಇಳಿಜಾರು ದಾರಿ, ಶಾಲೆಗೆ ಹೊಸ ಕಿಟಕಿ, ಆಮೇಲೆ ಎಲ್ಲಕ್ಕಿಂತ ಮುಖ್ಯವಾಗಿ ಹೆಣ್ಣುಮಕ್ಕಳಿಗೆ ಹದಿನಾಲ್ಕು ಕಕ್ಕಸು. ಹೆಡ್ ಸಿಸ್ಟರ್ ಒಂಬತ್ತು ವರ್ಷದಿಂದ ಕೇಳ್ತಾ ಇರೋದು ನಿಮಗೆ ಗೊತ್ತೇ ಇದೆ, ಅದರಲ್ಲಿ ಏಳು ವರ್ಷ ನಿಮ್ಮನ್ನೇ ಕೇಳಿದ್ದು. ಇನ್ನೂರ ಹನ್ನೆರಡು ಹುಡುಗಿಯರಿಗೆ ಎರಡೇ ಎರಡು. ದೊಡ್ಡ ಕ್ಲಾಸಿನ ಮಕ್ಕಳು ಬೆಳಿಗ್ಗೆಯಿಂದ ಸಂಜೆವರೆಗೂ ನೀರೇ ಕುಡಿಯಲ್ಲ. ಹೋದ ತಿಂಗಳು ಪ್ರಾರ್ಥನೆಗೆ ನಿಂತಾಗ ಒಬ್ಬಳು ತಲೆ ತಿರುಗಿ ಬಿದ್ದಳು. ನನ್ನ ಹೆಂಡತಿ ಶಾಲೆಯ ಆಯಾ ಅಲ್ವಾ, ಅವಳಿಗೆ ನೋಡೋಕಾಗದೆ ಕಾಂಪೌಂಡಿನೊಳಗೇ ಇರೋ ನಮ್ಮ ಮನೆಯದ್ದನ್ನೂ ಬಿಟ್ಟುಕೊಟ್ಟಿದ್ದಾಳೆ. ಬಿಡುವಿನ ಬೆಲ್ ಹೊಡೆದ ಕೂಡಲೇ ನಮ್ಮ ಬಾಗಿಲಿಂದ ಗೇಟಿನವರೆಗೆ ಸಾಲು. ಮೊನ್ನೆ ಅವಸರ ಆಗಿ ನಾನು ಒಳಗೆ ನುಗ್ಗಿದೆ. ಮೂರನೇ ಕ್ಲಾಸಿನ ಒಂದು ಮಗು ನನ್ನ ಅಂಗಿ ಹಿಡ್ಕೊಂಡು, "ಅಂಕಲ್, ಸಾಲಲ್ಲಿ ಬನ್ನಿ" ಅಂತು. ನನ್ನ ಮನೆ, ಫಾದರ್.

ಈಗ ಕಷ್ಟ ಏನು ಅಂದ್ರೆ, ಹೊಸ ಪೈಪ್ ಜೋಡಿಸೋಕೆ ಹಳೇ ಲೈನಿನ ನೀರು ನಿಲ್ಲಿಸಬೇಕು. ಬೀದಿಯಲ್ಲಿ ನಿಲ್ಲಿಸಿದ್ರೆ ಪಕ್ಕದ ಆಸ್ಪತ್ರೆಗೂ ನೀರು ನಿಲ್ಲುತ್ತೆ, ಬಿಡಲ್ಲ. ಹಾಗಾಗಿ ನಮ್ಮ ಕಾಂಪೌಂಡಿನೊಳಗೇ ಇರೋ ಮೇನ್ ವಾಲ್ವ್ ಬೇಕು. ಅದು ಎಲ್ಲಿದೆ ಅಂತ ಯಾವ ನಕ್ಷೆಯಲ್ಲೂ ಇಲ್ಲ. ಪಂಪ್ ರೂಮಿನ ಗೋಡೆ ಮೇಲೆ ಮಾತ್ರ ನಿಮ್ಮ ಅಕ್ಷರದಲ್ಲಿ, ನಾನು ಕೆಲಸಕ್ಕೆ ಸೇರೋಕೂ ಮುಂಚಿನ ತಾರೀಕು ಹಾಕಿ, ಹೀಗೆ ಬರೆದಿದೆ: "ಮೇನ್ ವಾಲ್ವ್ ತೆಗೆದಿದೆ. ಯಾರೂ ಮುಟ್ಟಬಾರದು."

ಇಂಜಿನಿಯರ್ ಹೇಳ್ತಾರೆ, ತೆಗೆದಿದೆ ಅಂದ್ರೆ ಬಾಗಿಲು ತೆಗೆದ ಹಾಗೆ, ನೀರು ಬಿಟ್ಟಿದೆ ಅಂತ. ಹೆಡ್ ಸಿಸ್ಟರ್ ಹೇಳ್ತಾರೆ, ತೆಗೆದಿದೆ ಅಂದ್ರೆ ಹಲ್ಲು ತೆಗೆದ ಹಾಗೆ, ಕಿತ್ತುಹಾಕಿದೆ ಅಂತ. ಒಂದು ಗಂಟೆ ಸಮಿತಿಯಲ್ಲಿ ಇದೇ ವಾದ. ನಾನು ಎದ್ದುನಿಂತು, ಹಳೇ ಫಾದರ್‌ಗೆ ಒಂದು ಸಾಲು ಬರೆದ್ರೆ ಮುಗೀತು, ಅದಕ್ಕೆ ನಾನು ಜವಾಬ್ದಾರಿ ಅಂತ ಎದೆ ತಟ್ಟಿಕೊಂಡು ಹೇಳಿಬಿಟ್ಟೆ. ಬೇಗ ಬರೀರಿ, ತಟ್ಟಿದ ಎದೆ ನೋಯ್ತಾ ಇದೆ.

ನಿಮ್ಮ ನಾಟಕದ ವೇದಿಕೆ ಚೆನ್ನಾಗಿದೆ. ಸುಮ್ನೆ ಹೇಳಿದೆ.

ನಮ್ಮ ಮನೆ ಮೆಟ್ಟಿಲ ಪಕ್ಕದ ಕಬ್ಬಿಣದ ಗೂಟಕ್ಕೆ ಮತ್ತೆ ಎಡವಿ ಹೆಬ್ಬೆರಳಿನ ಉಗುರು ಹೋಯ್ತು. ಕತ್ತರಿಸಿ ಎಸೀತೀನಿ ಅಂದಾಗೆಲ್ಲ ನೀವು "ಇರಲಿ ಬಿಡು" ಅಂತಿದ್ರಿ. ಇಲ್ಲಿವರೆಗೆ ಮೂರು ಉಗುರು. ಹೆಂಡತಿ ಅದಕ್ಕೆ ಬಟ್ಟೆ ಒಣಗಿಸೋ ಹಗ್ಗ ಕಟ್ಟಿದ್ದಾಳೆ, ಅವಳೂ ಕತ್ತರಿಸೋಕೆ ಬಿಡಲ್ಲ.

ನಿಮ್ಮ ಬಡಗಿ


ಜನವರಿ 24

ಮಗನೇ,

ನಿನ್ನ ಪತ್ರ ತಲುಪಿತು. ಒತ್ತಕ್ಷರಗಳನ್ನು ಒತ್ತಿಕೊಂಡೇ ಓದಿದೆ. ನಾನು ಸೌಖ್ಯ. ಇಲ್ಲಿ ಸಮುದ್ರ ಹತ್ತಿರವಾದ್ದರಿಂದ ಹಗಲೆಲ್ಲ ಗಾಳಿ. ನಾವು ಹನ್ನೊಂದು ಮಂದಿ ಮುದುಕ ಗುರುಗಳಿದ್ದೇವೆ. ಪ್ರವಚನ ಕೊಡಲು ಹನ್ನೊಂದು ಮಂದಿ ಇದ್ದಾರೆ, ಕೇಳಲು ಯಾರೂ ಇಲ್ಲ.

ಕನ್ನಡದಲ್ಲಿ 'ತೆಗೆ' ಎಂಬುದು ದೊಡ್ಡ ಪದ. ಬಾಗಿಲನ್ನೂ ತೆಗೆಯಬಹುದು, ಉಸಿರನ್ನೂ ತೆಗೆಯಬಹುದು, ಜಗಳವನ್ನೂ ತೆಗೆಯಬಹುದು. ಇಬ್ಬರ ವಾದದಲ್ಲೂ ಹುರುಳಿದೆ ಎಂದು ಸಮಿತಿಗೆ ತಿಳಿಸು.

ಜಾಗ ನನಗೆ ಚೆನ್ನಾಗಿ ನೆನಪಿದೆ. ಮಾವಿನ ಮರದಿಂದ ಗೇಟಿನ ಕಡೆಗೆ ಹನ್ನೆರಡು ಹೆಜ್ಜೆ. ಅಗೆದರೆ ಸಿಗುತ್ತದೆ.

ಹೆಣ್ಣುಮಕ್ಕಳ ವಿಷಯ ಓದಿ ಬೇಸರವಾಯಿತು. ಏಳು ವರ್ಷ ನಾನು "ಆಗಲಿ, ನೋಡೋಣ" ಎಂದೆ. ನೋಡಲಿಲ್ಲ. ನೀನು ನೋಡು.

ವೇದಿಕೆ ಚೆನ್ನಾಗಿದೆ ಎಂದು ಬರೆದದ್ದು ಸಂತೋಷ.

ಆಶೀರ್ವಾದಗಳೊಡನೆ,
ಫಾದರ್


ಫೆಬ್ರವರಿ 2

ಫಾದರ್‌ಗೆ ನಮಸ್ಕಾರ.

ಮಾವಿನ ಮರ ನಿಮ್ಮ ಕಾಲದಲ್ಲೇ ಕಡಿದ್ರಲ್ಲ. ಅದರದ್ದೇ ಹಲಗೆಯಲ್ಲಿ ನಾನು ಹದಿನಾರು ಬೆಂಚು ಮಾಡಿದ್ದು, ಒಂದೊಂದು ಕಾಲಿಗೆ ಒಂಬತ್ತು ಮೊಳೆ ಹೊಡೆದಿದ್ದಕ್ಕೆ ನೀವು ಒಂದು ವಾರ ಬೈದಿದ್ದು. ಇರಲಿ, ಬುಡ ಇದ್ದ ಜಾಗ ನನಗೆ ಗೊತ್ತಿತ್ತು. ಹನ್ನೆರಡು ಹೆಜ್ಜೆ ಇಟ್ಟೆ. ಆಮೇಲೆ ಹೊಳೀತು, ನೀವು ಆರಡಿ ಆಳು, ನಾನು ಐದಡಿಗೂ ಕಡಿಮೆ. ನಿಮ್ಮ ಹನ್ನೆರಡು ಅಂದ್ರೆ ನನ್ನ ಹದಿನೇಳು. ಅದಕ್ಕೆ ಎರಡು ಕಡೆನೂ ಅಗೆದೆ.

ಹನ್ನೆರಡರಲ್ಲಿ ಕಲ್ಲು. ಹದಿನೇಳರಲ್ಲಿ ಒಂದು ದೊಡ್ಡ ಡಬ್ಬ. ಇಂಜಿನಿಯರ್ ಎಲ್ಲರನ್ನೂ ದೂರ ನಿಲ್ಲಿಸಿದ್ರು, ನಿಧಿ ಇರಬಹುದು ಅಂತ. ತೆಗೆದು ನೋಡಿದ್ರೆ (ಮುಚ್ಚಳ ತೆಗೆದು, ಕಿತ್ತು ಅಲ್ಲ) ನಲವತ್ತಾರು ಕವಣೆ. ಯಾವ ಕಾಲದ ಮೇಷ್ಟ್ರು ಯಾವ ಹುಡುಗರ ಕೈಯಿಂದ ಕಿತ್ಕೊಂಡು ಹೂತಿಟ್ಟಿದ್ದೋ. ಮಾರನೇ ದಿನ ಅದರಲ್ಲಿ ಆರು ಕಾಣೆ ಆಗಿದ್ವು, ಅದರ ಮಾರನೇ ದಿನ ಸ್ಟಾಫ್ ರೂಮಿನ ಒಂದು ಕಿಟಕಿ. ಹೇಗೂ ಹೊಸ ಕಿಟಕಿ ಹಾಕೋದೇ ಇತ್ತು, ಕೆಲಸ ಶುರುವಾಯ್ತು ಅಂದ್ಕೊಂಡ್ವಿ.

ಸಮಿತಿ ಈಗ ಗಡುವು ಹಾಕಿದೆ. ಮಾರ್ಚ್ 31ಕ್ಕೆ ಕೊನೇ ಸಭೆ. ಅಷ್ಟರೊಳಗೆ ವಾಲ್ವ್ ಸಿಕ್ಕಿದ್ರೆ ರಜೆಯಲ್ಲಿ ಕಕ್ಕಸು ಕಟ್ತಾರೆ. ಸಿಗದಿದ್ರೆ ಆ ಜಾಗದಲ್ಲಿ ಕಾರು ನಿಲ್ಲಿಸೋಕೆ ಸಿಮೆಂಟ್ ಹಾಕಿ, ಕಕ್ಕಸನ್ನ "ಎರಡನೇ ಹಂತ"ಕ್ಕೆ ತಳ್ಳುತ್ತಾರೆ. ನಮ್ಮಲ್ಲಿ ಎರಡನೇ ಹಂತ ಅಂದ್ರೆ ನಿಮಗೇ ಗೊತ್ತು, ಸತ್ತವರೆಲ್ಲ ಎದ್ದುಬಂದ ಮೇಲೆ. ಹೆಡ್ ಸಿಸ್ಟರ್ ನನ್ನನ್ನ ಪಕ್ಕಕ್ಕೆ ಕರೆದು, ನಿಮ್ಮ ಮೇಲೆ ಬಿಟ್ಟಿದ್ದೀನಿ ಅಂದ್ರು. ಗದರಿಸಿದ್ರೆ ತಡ್ಕೊಳ್ತೀನಿ ಫಾದರ್, ಅವರು ಮೆತ್ತಗೆ ಮಾತಾಡಿದ್ರೆ ನನಗೆ ಹೆದರಿಕೆ ಆಗುತ್ತೆ.

ಸರಿಯಾಗಿ ನೆನಪು ಮಾಡ್ಕೊಂಡು ಬರೀರಿ.

ಇನ್ನೊಂದು. ನಿಮ್ಮ ಕಾಗದದ ಮೇಲೆ ಕಂದು ಬಣ್ಣದ ದುಂಡು ಗುರುತಿದೆ. ಟೀ ಲೋಟ ಇಟ್ಟ ಗುರುತು. ಡಾಕ್ಟರ್ ಟೀ ಮುಟ್ಟಬೇಡಿ ಅಂದಿರಲಿಲ್ವಾ? ಅಲ್ಲಿನ ಸಿಸ್ಟರ್‌ಗೆ ಹೇಳಲ್ಲ, ನಮ್ಮಿಬ್ಬರಲ್ಲೇ ಇರಲಿ.

ವೇದಿಕೆ ಗಟ್ಟಿಮುಟ್ಟಾಗಿದೆ.

ನಿಮ್ಮ ಬಡಗಿ


ಫೆಬ್ರವರಿ 15

ಮಗನೇ,

ನಾನು ಟೀ ಕುಡಿಯುವುದಿಲ್ಲ. ಕುಡಿಯಲು ಬಿಡುವುದೂ ಇಲ್ಲ. ಒಂದು ಪತ್ರ ಬರೆದು ಮುಗಿಸಲು ನನಗೆ ಐದಾರು ದಿನ ಬೇಕಾಗುತ್ತದೆ, ಅಷ್ಟರಲ್ಲಿ ಗಾಳಿಗೆ ಹಾರದಂತೆ ಅದರ ಮೇಲೆ ಭಾರ ಇಡುತ್ತೇನೆ. ನನ್ನ ಮೇಲೆ ಅನುಮಾನ ಪಡುವ ಮೊದಲು ನಿನ್ನ ಕಾಗುಣಿತ ತಿದ್ದಿಕೋ.

ವಾಲ್ವ್ ಬಾವಿಯ ಎಡಕ್ಕೆ ಇದೆ. ಕಟ್ಟೆಗೆ ತಾಗಿದ ಹಾಗೆ. ಈಗ ಸ್ಪಷ್ಟವಾಗಿ ನೆನಪಾಯಿತು.

ವೇದಿಕೆಗೆ ಈ ವರ್ಷ ಬಣ್ಣ ಹೊಡೆದಿರಾ? ಯಾವ ಬಣ್ಣ?

ಫಾದರ್


ಫೆಬ್ರವರಿ 27

ಫಾದರ್‌ಗೆ ನಮಸ್ಕಾರ.

ನಮ್ಮ ಕಾಂಪೌಂಡಿನಲ್ಲಿ ಬಾವಿ ಇಲ್ಲ. ಯಾವತ್ತೂ ಇರಲಿಲ್ಲ. ನಾನು ಹೆಂಡತಿನೂ ಕೇಳಿದೆ, ಹೆಡ್ ಸಿಸ್ಟರ್‌ನೂ ಕೇಳಿದೆ. ನಿಮ್ಮ ಮನಸ್ಸಿನಲ್ಲಿ ನೀರಿನ ಟ್ಯಾಂಕ್ ಇದ್ದಿರಬೇಕು, ಕೈ ಬಾವಿ ಅಂತ ಬರೆದಿರಬೇಕು ಅಂದ್ಕೊಂಡು ಟ್ಯಾಂಕಿನ ಎಡಕ್ಕೆ ಅಗೆದೆ. ಟ್ಯಾಂಕಿಗೆ ಎದುರು ನಿಂತ್ರೆ ಒಂದು ಎಡ, ಬೆನ್ನು ಹಾಕಿದ್ರೆ ಇನ್ನೊಂದು ಎಡ, ಅದಕ್ಕೆ ಎರಡು ಗುಂಡಿ. ಎರಡನೇದರಲ್ಲಿ ಒಂದು ಕಪ್ಪು ಬೇರು ಸಿಕ್ತು, ಗುದ್ದಲಿಯಿಂದ ಒಂದೇ ಏಟಿಗೆ ಕತ್ತರಿಸಿದೆ. ಅದು ಬೇರಲ್ಲ, ಟೆಲಿಫೋನ್ ವೈರು.

ನಾಲ್ಕು ದಿನ ಚರ್ಚಿಗೆ ಫೋನೇ ಇಲ್ಲ. ಬೈಸಿಕೊಳ್ಳೋಕೆ ತಯಾರಾಗಿ ಹೊಸ ಫಾದರ್ ಹತ್ರ ಹೋದೆ. ಅವರು ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ರು. ಗುರುದೀಕ್ಷೆ ಆದ ಮೇಲೆ ಇಷ್ಟು ನೆಮ್ಮದಿ ಇದೇ ಮೊದಲು, ರಿಪೇರಿಗೆ ಅವಸರ ಮಾಡಬೇಡಿ ಅಂದ್ರು. ಒಳ್ಳೇ ಮನುಷ್ಯ. ನಿಮ್ಮಷ್ಟು ಅಲ್ಲ ಅಂತ ಬರೆಯೋಣ ಅಂದ್ಕೊಂಡೆ, ಆದ್ರೆ ನೀವು ಕೊಟ್ಟ ವಿಳಾಸಕ್ಕೆ ನಾಲ್ಕು ಗುಂಡಿ ಅಗೆದ ಮೇಲೆ ಸ್ವಲ್ಪ ಯೋಚನೆ ಮಾಡಬೇಕಾಗಿದೆ.

ವೇದಿಕೆಗೆ ಹಸಿರು ಬಣ್ಣ ಹೊಡೆದ್ವಿ. ತಿಳಿ ಹಸಿರು. ಅಂಚಿಗೆ ಬಿಳಿ.

ಮತ್ತೆ ಅದೇ ದುಂಡು ಗುರುತು, ಫಾದರ್. ಭಾರ ಅಂತೀರಿ, ನೋಡಿದ್ರೆ ಸ್ಟ್ರಾಂಗ್ ಟೀ ಅನ್ನಿಸುತ್ತೆ.

ಒಂದು ತಿಂಗಳು ಉಳಿದಿದೆ. ದಯವಿಟ್ಟು.

ನಿಮ್ಮ ಬಡಗಿ


ಮಾರ್ಚ್ 8

ಮಗನೇ,

ಸಮಾಧಿಗಳ ಗೋಡೆಯಿಂದ ಏಳು ಹೆಜ್ಜೆ. ಅಲ್ಲಿ ಇಲ್ಲದಿದ್ದರೆ ಹದಿನೇಳು.

ಹಸಿರು ವೇದಿಕೆಯ ಮೇಲೆ ಈ ವರ್ಷ ಯಾವ ನಾಟಕ ಆಡಿಸಿದಿರಿ?

ಫಾದರ್


ಮಾರ್ಚ್ 13

ಫಾದರ್‌ಗೆ,

ಏಳು ಹೆಜ್ಜೆಯಲ್ಲಿ ಸಿಕ್ಕಿದ್ದು ಚರಂಡಿ ಪೈಪು. ಅದರ ಬಗ್ಗೆ ಹೆಚ್ಚು ಬರೆಯಲ್ಲ, ನೀವು ಊಟ ಮಾಡೋ ಹೊತ್ತಿನಲ್ಲಿ ಓದ್ತಿರಬಹುದು. ಮೂರು ದಿನ ಹೆಂಡತಿ ನನಗೆ ಹೊರಗೇ ಬಡಿಸಿದಳು.

ಹದಿನೇಳು ಹೆಜ್ಜೆಯಲ್ಲಿ ಏನೂ ಸಿಗಲಿಲ್ಲ. ಆದ್ರೆ ಸಂಜೆ ಹೊಸ ಫಾದರ್ ಜಪ ಮಾಡ್ತಾ ಆ ಕಡೆ ನಡೆದು ಗುಂಡಿ ಒಳಗೆ ಇಳಿದುಬಿಟ್ರು. ನಾನು ಓಡಿಹೋಗಿ ಇಣುಕಿದೆ. ಸೊಂಟದವರೆಗೆ ಒಳಗೆ, ಜಪಮಾಲೆ ಕೈಯಲ್ಲೇ ಇತ್ತು. "ಬಡಗಿ, ಇದು ಯಾರಿಗೆ ಅಂತ ಅಗೆದಿದ್ದು?" ಅಂತ ಕೇಳಿದ್ರು. ಆಳ ಕರೆಕ್ಟಾಗಿದೆ ಅಂತ ಬೇರೆ ಅಂದ್ರು. ನಗ್ತಿದ್ರೋ ಇಲ್ವೋ ಗೊತ್ತಾಗಲಿಲ್ಲ, ಕಾಲು ಉಳುಕಿತ್ತು.

ಈಗ ಕಾಂಪೌಂಡು ನೋಡಿದ್ರೆ ದೊಡ್ಡ ಹೆಗ್ಗಣ ಹೊಕ್ಕಿದೆ ಅನ್ನಬೇಕು. ಮಕ್ಕಳು ಗುಂಡಿಗೆ ನಂಬರ್ ಕೊಟ್ಟು ಆಟ ಆಡ್ತಾರೆ. ಇಂಜಿನಿಯರ್ ನನ್ನನ್ನ ಕಂಡ್ರೆ ನಕ್ಷೆ ಮಡಚಿ ಜೇಬಿಗೆ ಹಾಕ್ಕೊಳ್ತಾರೆ. ಹೆಡ್ ಸಿಸ್ಟರ್ ಏನೂ ಕೇಳೋದೇ ಬಿಟ್ಟಿದ್ದಾರೆ. ಇನ್ನು ಹದಿನೆಂಟು ದಿನ.

ಫಾದರ್, ನಾನು ದಡ್ಡ, ಆದ್ರೆ ಇಷ್ಟು ದಡ್ಡ ಅಲ್ಲ. ಇಲ್ಲದ ಮರ, ಇಲ್ಲದ ಬಾವಿ, ಚರಂಡಿ. ನೀವು ಬೇಕಂತಲೇ ತಪ್ಪು ಜಾಗ ಹೇಳ್ತಾ ಇದ್ದೀರಿ. ಯಾಕೆ ಅಂತನೂ ನನಗೆ ಗೊತ್ತು. ಯಾರೋ ನಿಮಗೆ ಹೇಳಿಬಿಟ್ಟಿದ್ದಾರೆ.

ಹೌದು, ಕಕ್ಕಸು ಬರೋದು ನಿಮ್ಮ ವೇದಿಕೆ ಇರೋ ಜಾಗದಲ್ಲೇ. ವೇದಿಕೆ ಒಡೀತಾರೆ. ನಾನು ಮೊದಲನೇ ದಿನದಿಂದ ಸುಳ್ಳು ಹೇಳಿದೆ. ಹಸಿರು ಬಣ್ಣ ಸುಳ್ಳು, ಬಿಳಿ ಅಂಚೂ ಸುಳ್ಳು. ನೀವು ಹರೆಯದಲ್ಲಿ ಸ್ವಂತ ಕೈಯಿಂದ ಕಲ್ಲು ಹೊತ್ತು ಕಟ್ಟಿದ್ದು, ಅದು ಎಡಕ್ಕೆ ವಾಲಿದ್ರೂ ಯಾರ ಹತ್ರನೂ ಒಪ್ಪಿಕೊಳ್ಳದೆ ಇದ್ದಿದ್ದು, ನಾಟಕದ ರಾಜಂದಿರೆಲ್ಲ ಎಡಕ್ಕೇ ಜಾರಿ ಬೀಳ್ತಿದ್ದಿದ್ದು ನಾನು ಮರೀತೀನಾ? ಹೇಗೆ ಬರೆಯೋದು ಅಂತ ಗೊತ್ತಾಗದೆ ಬರೀಲಿಲ್ಲ.

ಕೋಪ ಇದ್ರೆ ನನ್ನ ಮೇಲೆ ತೀರಿಸ್ಕೊಳ್ಳಿ. ಆ ಮಕ್ಕಳ ಮೇಲೆ ಬೇಡ. ಇವತ್ತು ನಮ್ಮ ಬಾಗಿಲ ಸಾಲಲ್ಲಿ ಒಂದು ಮಗು ತಡ್ಕೊಳ್ಳೋಕಾಗದೆ ಅಲ್ಲೇ ನಿಂತು ಅತ್ತಿತು. ನನ್ನ ಹೆಂಡತಿ ಅದರ ಬಟ್ಟೆ ಬದಲಾಯಿಸಿ, ಆಮೇಲೆ ಅಡುಗೆಮನೆಗೆ ಬಂದು ತಾನೂ ಅತ್ತಳು.

ಬಡಗಿ


ಮಾರ್ಚ್ 19

ಮಗನೇ,

ಈ ಪತ್ರವನ್ನು ಒಂದೇ ದಿನದಲ್ಲಿ ಬರೆಯುತ್ತಿದ್ದೇನೆ. ನಾಳೆಗೆ ಬಿಟ್ಟರೆ ಧೈರ್ಯ ಉಳಿಯುತ್ತದೋ ಇಲ್ಲವೋ.

ವೇದಿಕೆ ಒಡೆಯುವ ವಿಷಯ ನಿನ್ನ ಮೊದಲ ಪತ್ರಕ್ಕಿಂತ ಮುಂಚೆಯೇ ಗೊತ್ತಿತ್ತು. ಹೊಸ ಫಾದರ್ ನಕ್ಷೆಯ ಸಮೇತ ಬರೆದು ನನ್ನ ಒಪ್ಪಿಗೆ ಕೇಳಿದ್ದರು. ಸಂತೋಷದಿಂದ ಕೊಟ್ಟೆ. ನೀನು ಎಷ್ಟು ದೂರ ಹೋಗುತ್ತೀಯ ಎಂದು ನೋಡಲು ಬಣ್ಣ ಕೇಳಿದೆ, ನಾಟಕ ಕೇಳಿದೆ. ಬಿಳಿ ಅಂಚು ನಾನು ನಿರೀಕ್ಷಿಸಿರಲಿಲ್ಲ. ಪಾಪನಿವೇದನೆಗೆ ಹೋದಾಗ ಅದನ್ನು ಬೇರೆಯಾಗಿ ಹೇಳು.

ಕೋಪವಲ್ಲ, ಮಗನೇ. ಆ ವಾಲ್ವ್ ಎಲ್ಲಿದೆ ಎಂದು ನನಗೆ ನೆನಪಿಲ್ಲ. ಗೋಡೆಯ ಮೇಲೆ ಬರೆದದ್ದೂ ನೆನಪಿಲ್ಲ. ನೀನು ಅಷ್ಟು ನಂಬಿಕೆಯಿಂದ ಕೇಳಿದೆ, ಇಲ್ಲ ಎನ್ನಲು ನಾಚಿಕೆಯಾಯಿತು. ಆ ದಿನ ಕಣ್ಣ ಮುಂದೆ ಬಂದ ಜಾಗವನ್ನು ಬರೆದುಬಿಟ್ಟೆ. ಬಾವಿ ನನ್ನ ತಾಯಿಯ ಮನೆಯದು. ಸಮಾಧಿಯ ಗೋಡೆಯ ಹೆಜ್ಜೆ ಲೆಕ್ಕ ಎಲ್ಲಿಯದೋ. ಒಂದು ವರ್ಷದಿಂದ ಹೀಗಿದೆ. ಹಳೆಯದು ಹೊಸದರೊಳಗೆ ಸೇರಿಹೋಗುತ್ತದೆ. ಇಲ್ಲಿನ ಸಿಸ್ಟರ್‌ಗೆ ಮಾತ್ರ ಗೊತ್ತು. ಪೂಜೆಯ ಪುಸ್ತಕದಲ್ಲಿ ಅವರು ಪುಟ ಪುಟಕ್ಕೂ ಗುರುತು ಇಟ್ಟುಕೊಡುತ್ತಾರೆ.

ಹೊಸ ಫಾದರ್‌ಗೆ ಕಾಲು ಉಳುಕಿಸಿದ ಪಾಪ ನನ್ನದು, ಗುಂಡಿ ಮಾತ್ರ ನಿನ್ನದು.

ಇನ್ನೊಂದು ಮಾತು. ನಿನ್ನನ್ನು ನಾನು ಒಂದು ಅಡ್ಡಹೆಸರಿನಿಂದ ಕೂಗುತ್ತಿದ್ದೆ. ಇಡೀ ಕಾಂಪೌಂಡಿನಲ್ಲಿ ನಾನೊಬ್ಬನೇ ಹಾಗೆ ಕೂಗುತ್ತಿದ್ದದ್ದು. ಅದು ಬರುತ್ತಿಲ್ಲ. ಅದಕ್ಕೇ ಎಲ್ಲ ಪತ್ರದಲ್ಲೂ 'ಮಗನೇ' ಎಂದು ಬರೆದು ತಪ್ಪಿಸಿಕೊಂಡೆ. ನೀನು ಹೇಳಬೇಡ. ಹೇಳಿಸಿಕೊಂಡರೆ ಅದು ನನ್ನದಾಗುವುದಿಲ್ಲ.

ಹೆಡ್ ಸಿಸ್ಟರ್ ಬಳಿ ನನ್ನ ಪರವಾಗಿ ಕ್ಷಮೆ ಕೇಳು.

ಫಾದರ್


ಮಾರ್ಚ್ 23

ಫಾದರ್,

ನಿಮ್ಮ ಕಾಗದವನ್ನ ಮೆಟ್ಟಿಲ ಮೇಲೆ ಕೂತು ಎರಡು ಸಲ ಓದಿದೆ. ನಾನು ಎರಡನೇ ಸಲ ಓದೋದು ನೋಡಿ ಹೆಂಡತಿಗೆ ಭಯ ಆಯ್ತು, ಇಪ್ಪತ್ತು ವರ್ಷದಲ್ಲಿ ಅವಳು ಅದನ್ನ ನೋಡಿಲ್ಲ. ನಿಮ್ಮನ್ನ ಅನುಮಾನ ಪಟ್ಟಿದ್ದಕ್ಕೆ ನನ್ನ ಕೆನ್ನೆಗೆ ನಾನೇ ಹೊಡ್ಕೊಂಡೆ. ಜೋರಾಗಿ ಅಲ್ಲ.

ಅದನ್ನ ಆಮೇಲೆ ಬರೀತೀನಿ. ಈಗ ಇದನ್ನ ಗಮನ ಇಟ್ಟು ಓದಿ.

ಹೆಂಡತಿ ನಿಮ್ಮ ಕಾಗದಗಳನ್ನೆಲ್ಲ ಜೋಡಿಸಿ ಇಡೋಕೆ ಕೂತಳು. ಎಲ್ಲದರ ಮೇಲೂ ಅದೇ ದುಂಡು ಗುರುತು. ಈಗ ಬಂದ ಕಾಗದದ ಮೇಲೆ ಅಂತೂ ಅಚ್ಚು ಒತ್ತಿದ ಹಾಗೆ ಬಿದ್ದಿದೆ. ನಿಮ್ಮ ಕಣ್ಣೀರಿಗೋ ಸಮುದ್ರದ ಗಾಳಿಗೋ ಒದ್ದೆ ಆಗಿತ್ತೋ ಏನೋ, ನಾನು ಕೇಳಲ್ಲ. ಅವಳು ಅದನ್ನ ಬೆಳಕಿಗೆ ಹಿಡಿದು ನೋಡಿ, ನನ್ನನ್ನ ಕೂಗಿ ಕೇಳಿದಳು: "ರೀ, ಚೌಕ ತಳದ ಲೋಟದಲ್ಲಿ ಯಾರ್ರೀ ಟೀ ಕುಡೀತಾರೆ?"

ನೋಡಿದ್ರೆ ನಿಜ. ಸುತ್ತ ದೊಡ್ಡ ದುಂಡು ಗೆರೆ, ಅಲ್ಲಿಂದ ನಡುವಿಗೆ ನಾಲ್ಕು ಕಡ್ಡಿ, ನಡು ಮಧ್ಯದಲ್ಲಿ ಹೆಬ್ಬೆರಳಿನಷ್ಟು ಒಂದು ಚೌಕ, ಅಲ್ಲಿ ಗುರುತೇ ಇಲ್ಲ. ಟೀ ಅಲ್ಲ, ತುಕ್ಕು. ಮೂಸಿ ನೋಡಿದೆ, ಕಬ್ಬಿಣದ ವಾಸನೆ.

ಅವಳು ಕಾಗದ ಹಿಡ್ಕೊಂಡು ಹೊರಗೆ ಹೋದಳು. ಹಗ್ಗ ಬಿಚ್ಚಿ, ಒಣಗಿದ್ದ ನನ್ನ ಲುಂಗಿಯನ್ನ ನೆಲಕ್ಕೆ ಹಾಕಿ, ನಮ್ಮ ಗೂಟದ ತಲೆ ಮೇಲೆ ಕಾಗದ ಇಟ್ಟಳು. ಪ್ರತಿ ವರ್ಷ ಮೆಟ್ಟಿಲಿಗೆ ಬಣ್ಣ ಹೊಡೆಯುವಾಗ ಅದಕ್ಕೂ ಒಂದು ಕೈ ಹೊಡೆದು ಹೊಡೆದು ಅದರ ಆಕಾರನೇ ಗೊತ್ತಾಗ್ತಿರಲಿಲ್ಲ. ಉಜ್ಜುಕಾಗದ ತಂದು ತಿಕ್ಕಿದೆ. ಚೌಕ. ಕಾಗದದ ಚೌಕ, ಗೂಟದ ಚೌಕ, ಒಂದಕ್ಕೊಂದು ಅಳತೆ ಸರಿ.

ಫಾದರ್, ನೀವು ಕಾಗದದ ಮೇಲೆ ಇಡೋ ಭಾರ ಏನು? ಅದೊಂದನ್ನ ಬರೀರಿ. ಎಂಟೇ ದಿನ ಇದೆ.

ಆ ಹೆಸರನ್ನ ನಾನು ಹೇಳಲ್ಲ. ಹೆಂಡತಿ, ಬರೆದುಬಿಡಿ ಪಾಪ ಅಂತಾಳೆ. ಬರೆಯಲ್ಲ. ಬಂದಾಗ ಬರಲಿ.

ನಿಮ್ಮ ಬಡಗಿ


ಮಾರ್ಚ್ 27

ಮಗನೇ,

ಇದರ ಜೊತೆ ತುರ್ತು ಪಾರ್ಸೆಲ್‌ನಲ್ಲಿ ಒಂದು ಕಬ್ಬಿಣದ ಚಕ್ರ ಕಳಿಸಿದ್ದೇನೆ. ಹೊರಡುವಾಗ ನನ್ನ ಪೆಟ್ಟಿಗೆಯಲ್ಲಿ ಬಂದಿತ್ತು. ಯಾಕೆ ತಂದೆನೆಂದು ತಿಳಿಯದೆ ಕಾಗದದ ಮೇಲೆ ಇಡುತ್ತಿದ್ದೆ. ನೀನು ವಾಲ್ವ್ ಎಲ್ಲಿ ಎಂದು ಕೇಳಿದ ಪತ್ರಗಳ ಮೇಲೆ ಅದೇ ಎರಡೂವರೆ ತಿಂಗಳು ಕುಳಿತಿತ್ತು.

ನಿನ್ನ ಪತ್ರ ಓದಿದ ಮೇಲೆ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಕೈಗೆ ನೆನಪಿತ್ತು, ತಲೆಗೆ ಇರಲಿಲ್ಲ. ಆ ಕಾಲದಲ್ಲಿ ಒಂದು ದಿನ ನಾನು ಸ್ನಾನ ಮಾಡುತ್ತಿದ್ದೆ. ಮುಖದ ತುಂಬ ಸೋಪು. ನೀರು ನಿಂತಿತು. ವಾಲ್ವ್ ತಿರುಗಿಸಿದ ಏಳನೇ ಕ್ಲಾಸಿನವರು ಹೊರಗೆ ನಗುತ್ತ ಓಡಿದರು. ಒಂದೇ ವಾರದಲ್ಲಿ ಅದು ಮೂರನೆಯ ಸಲ. ನಾಲ್ಕನೆಯ ಸಲ ಟವೆಲ್ ಸುತ್ತಿಕೊಂಡೇ ಹೊರಬಂದು ನೀರು ಬಿಟ್ಟು, ಚಕ್ರವನ್ನು ಕಿತ್ತು ತಂದೆ. ಆಮೇಲೆ ಗೋಡೆಯ ಮೇಲೆ ಬರೆದಿರಬೇಕು.

ಆದ್ದರಿಂದ ಇಂಜಿನಿಯರ್ ಹೇಳಿದ್ದೂ ಸರಿ, ಹೆಡ್ ಸಿಸ್ಟರ್ ಹೇಳಿದ್ದೂ ಸರಿ. ಎರಡು ರೀತಿಯಲ್ಲೂ ತೆಗೆದಿದೆ.

ನಿನ್ನ ಮೂರು ಉಗುರುಗಳಿಗೆ ನನ್ನ ಸಂತಾಪ.

ಫಾದರ್

ಈ ಪತ್ರ ಬರೆಯುವಾಗ ಮೊಣಕೈ ಊರಿಕೊಂಡಿದ್ದೇನೆ. ಗಾಳಿಗೆ ಇಡಲು ಈಗ ಏನೂ ಇಲ್ಲ.


ಏಪ್ರಿಲ್ 1

ಫಾದರ್‌ಗೆ ದೊಡ್ಡ ನಮಸ್ಕಾರ.

ಇವತ್ತಿನ ತಾರೀಕು ನೋಡಿ ತಮಾಷೆ ಅಂದ್ಕೊಳ್ಳಬೇಡಿ, ಎಲ್ಲಾ ನಿನ್ನೆ ನಡೆದದ್ದು.

ಪಾರ್ಸೆಲ್ ನಿನ್ನೆ ಬೆಳಿಗ್ಗೆ ಒಂಬತ್ತಕ್ಕೆ ಬಂತು. ಸಭೆ ಹತ್ತಕ್ಕೆ. ಇಂಜಿನಿಯರ್, ಹೆಡ್ ಸಿಸ್ಟರ್ ಆಗಲೇ ಬಂದಿದ್ರು. ಎಲ್ಲರನ್ನೂ ನಮ್ಮ ಮನೆ ಮುಂದೆ ನಿಲ್ಲಿಸಿ ಗೂಟದ ತಲೆ ಮೇಲೆ ಚಕ್ರ ಇಟ್ಟೆ. ಟಕ್ ಅಂತ ಕೂತ್ಕೊಂಡಿತು. ತಿರುಗಿಸಿದೆ, ತಿರುಗಲಿಲ್ಲ. ಎಣ್ಣೆ ಹಾಕಿದೆ, ತಿರುಗಲಿಲ್ಲ. ಇಂಜಿನಿಯರ್ ಕೋಟು ಬಿಚ್ಚಿ ಒಂದು ಕಡೆ ಹಿಡಿದ್ರು, ನಾನೊಂದು ಕಡೆ. ಅಷ್ಟರಲ್ಲಿ ಬಿಡುವಿನ ಬೆಲ್ ಆಗಿ ಮಕ್ಕಳ ಸಾಲು ಬಂದು ನಿಂತ್ಕೊಂಡಿತು. ಸಾಲಲ್ಲಿ ಬನ್ನಿ ಅಂದಿದ್ದಳಲ್ಲ, ಅವಳೇ ಮೊದಲು. ನನ್ನ ಹೆಂಡತಿ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಇಬ್ಬರೂ ಸರೀರಿ ಅಂತ ಬಂದು ಕೈ ಹಾಕಿದಳು. ಕಿರ್ ಅಂತು. ಒಂದು ಸುತ್ತು, ಎರಡು ಸುತ್ತು, ಹನ್ನೊಂದು ಸುತ್ತು.

ಇಪ್ಪತ್ತು ವರ್ಷದಿಂದ ಹಗಲೂ ರಾತ್ರಿ ನಮ್ಮ ಮೆಟ್ಟಿಲ ಕೆಳಗೆ ಜುಳುಜುಳು ಅಂತಿದ್ದದ್ದು ನಿಂತುಹೋಯ್ತು. ಅಷ್ಟು ದಿನ ಆ ಸದ್ದು ಇತ್ತು ಅಂತಲೇ ನನಗೆ ಗೊತ್ತಿರಲಿಲ್ಲ.

ಆಗ ಹೊಸ ಫಾದರ್ ಬಚ್ಚಲುಮನೆಯಿಂದ ಕೂಗು ಕೇಳಿಸ್ತು. "ಯಾರ್ರೀ ಅದು ನೀರು ನಿಲ್ಲಿಸಿದ್ದು? ಕಣ್ಣಲ್ಲಿ ಸೋಪು!"

ಹೆಡ್ ಸಿಸ್ಟರ್ ಅಷ್ಟು ನಕ್ಕಿದ್ದನ್ನ ನಾನು ನೋಡಿಲ್ಲ. ನಗ್ತಾ ನಗ್ತಾ ನಮ್ಮ ಮೆಟ್ಟಿಲ ಮೇಲೆ ಕೂತುಬಿಟ್ರು, ಕನ್ನಡಕ ತೆಗೆದು ಒರೆಸ್ಕೊಂಡ್ರು. (ಕಿತ್ತು ಅಂತ ಅರ್ಥ.) ನಿಮ್ಮ ಕ್ಷಮೆ ಹೇಳಿದೆ. ಏಳು ವರ್ಷ ಕಾದಿದ್ದು ಈ ಐದು ನಿಮಿಷಕ್ಕೆ ಸರಿಹೋಯ್ತು ಅಂತ ಬರೀರಿ ಅಂದ್ರು.

ಹತ್ತಕ್ಕೆ ಸಭೆ ಶುರುವಾಯ್ತು, ಹತ್ತೂ ಐದಕ್ಕೆ ಎಲ್ಲರ ಸಹಿ ಬಿತ್ತು. ಮೊದಲ ಸಹಿ ಹೊಸ ಫಾದರ್‌ದೇ, ಒಂದು ಕಣ್ಣು ಕೆಂಪಗೆ ಇತ್ತು. ಎರಡನೇ ಹಂತ ಅನ್ನೋ ಮಾತು ಯಾರೂ ಎತ್ತಲಿಲ್ಲ.

ನಾಳೆಯಿಂದ ಗುಂಡಿ ಮುಚ್ಚೋ ಕೆಲಸ. ಆರು ಗುಂಡಿ. ನಿಮ್ಮ ನೆನಪಿಗೆ ಒಂದನ್ನ ಹಾಗೇ ಬಿಡೋಣ ಅಂದೆ, ಹೊಸ ಫಾದರ್ ಒಪ್ಪಲಿಲ್ಲ.

ನಿಮ್ಮ ಬಡಗಿ


ಜೂನ್ 14

ಫಾದರ್‌ಗೆ ನಮಸ್ಕಾರ.

ಶಾಲೆ ಮತ್ತೆ ಶುರುವಾಗಿ ಒಂದು ವಾರ. ಹದಿನಾಲ್ಕೂ ಬಾಗಿಲಿಗೆ ಚಿಲಕ ಹಾಕಿದ್ದು ನಾನೇ. ಬೇರೆಯವರಾಗಿದ್ರೆ ಒಂದು ಚಿಲಕಕ್ಕೆ ನಾಲ್ಕು ಸ್ಕ್ರೂ ಹಾಕ್ತಿದ್ರು, ನಾನು ಎಷ್ಟು ಹಾಕಿದ್ದೀನಿ ಅಂತ ಕೇಳಬೇಡಿ. ಮೊದಲನೇ ದಿನ ಬಿಡುವಿನಲ್ಲಿ ಹೆಡ್ ಸಿಸ್ಟರ್ ದೊಡ್ಡ ಕ್ಲಾಸಿನ ಹುಡುಗಿಯರ ಎದುರು ನಿಂತು ಒಂದು ದೊಡ್ಡ ಲೋಟ ನೀರು ಗಟಗಟ ಅಂತ ಕುಡಿದು ತೋರಿಸಿದ್ರು. ಅವರೂ ಒಂಬತ್ತು ವರ್ಷದಿಂದ ಹಗಲಲ್ಲಿ ನೀರು ಕುಡೀತಿರಲಿಲ್ಲ ಅಂತ ಆಗ ಗೊತ್ತಾಯ್ತು. ಎಲ್ಲಾ ಮಕ್ಕಳೂ ಬಾಟಲಿ ಎತ್ತಿದ್ರು.

ನಮ್ಮ ಮನೆ ಮುಂದೆ ಈಗ ಯಾರೂ ಇಲ್ಲ. ನಾನು ಯಾವಾಗ ಬೇಕಾದ್ರೂ ಹೋಗಬಹುದು, ಆದ್ರೆ ಯಾಕೋ ಒಂಥರಾ ಬಿಕೋ ಅನ್ನಿಸುತ್ತೆ. ನಿನ್ನೆ ಆ ಸಾಲಿನ ಮಗು ಮಾತ್ರ ಬಂತು. ಅಲ್ಲಿ ಹೊಸದು ಇದೆಯಲ್ಲಮ್ಮ ಅಂದೆ. "ಇದು ರೂಢಿ ಆಗಿದೆ ಅಂಕಲ್" ಅಂತ ಒಳಗೆ ಹೋಯ್ತು.

ಚಕ್ರ ಅದರ ಜಾಗದಲ್ಲೇ ಇದೆ, ಮೇಲೆ ಪೆಟ್ಟಿಗೆ ಮಾಡಿ ಬೀಗ ಹಾಕಿದ್ದೀನಿ. ಹೊಸ ಫಾದರ್ ಸ್ನಾನಕ್ಕೆ ಹೋಗುವಾಗ ಬೀಗ ಎಳೆದು ನೋಡಿ ಹೋಗ್ತಾರೆ. ಪಂಪ್ ರೂಮಿನ ಗೋಡೆ ಮೇಲೆ ನಿಮ್ಮ ಸಾಲನ್ನ ಅಳಿಸಿಲ್ಲ. ಅದರ ಕೆಳಗೆ ನನ್ನ ಅಕ್ಷರದಲ್ಲಿ "ಬಡಗಿ ಮನೆ ಮೆಟ್ಟಿಲ ಪಕ್ಕ" ಅಂತ ಸೇರಿಸಿದ್ದೀನಿ. ಒತ್ತು ಸರಿ ಇದೆಯಾ ಅಂತ ಹೆಡ್ ಸಿಸ್ಟರ್ ನೋಡಿದ್ರು.

ವೇದಿಕೆ ಒಡೆದ ದಿನ ನಾನೂ ಅಲ್ಲೇ ಇದ್ದೆ. ಸುಲಭಕ್ಕೆ ಬೀಳಲಿಲ್ಲ, ನೀವು ಕಟ್ಟಿದ್ದು ವಾಲಿತ್ತೇ ಹೊರತು ಮೆತ್ತಗಿರಲಿಲ್ಲ. ಎಡಗಡೆ ಮೂಲೆಯ ಒಂದು ಕಲ್ಲು ಎತ್ತಿಟ್ಟಿದ್ದೆ. ಅದನ್ನ ಈ ಪೆಟ್ಟಿಗೆಯಲ್ಲಿ ಕಳಿಸ್ತಿದ್ದೀನಿ. ನಿಮ್ಮ ಚಕ್ರ ನಾವು ತಗೊಂಡ್ವಿ, ಕಾಗದದ ಮೇಲೆ ಇಡೋಕೆ ಏನಾದ್ರೂ ಬೇಕಲ್ಲ.

ದಾರಿಯಲ್ಲಿ ಬಿಚ್ಚಿಕೊಳ್ಳಬಾರದು ಅಂತ ಪೆಟ್ಟಿಗೆ ಸ್ವಲ್ಪ ಭದ್ರ ಮಾಡಿದ್ದೀನಿ.

ನಿಮ್ಮ ಬಡಗಿ


ಜೂನ್ 22

ಮೊಳೆ,

ಒಂದು ಅಂಗೈಯಗಲದ ಪೆಟ್ಟಿಗೆಗೆ ಮೂವತ್ತೊಂದು ಮೊಳೆ. ಎಣಿಸಿ ಇಟ್ಟಿದ್ದೇನೆ. ಒಂದು ಸಾಕಾದ ಕಡೆ ಐದು ಹೊಡೆಯುವ ಈ ಚಾಳಿ ನಿನ್ನನ್ನು ಸ್ವರ್ಗದ ಬಾಗಿಲಲ್ಲೂ ಬಿಡುವುದಿಲ್ಲ. ಹನ್ನೊಂದು ಮಂದಿ ಗುರುಗಳು, ಒಬ್ಬರು ಸಿಸ್ಟರ್, ಒಂದು ಇಕ್ಕಳ, ಒಂದು ಮಧ್ಯಾಹ್ನ. ಹತ್ತೊಂಬತ್ತನೆಯದನ್ನು ಎಳೆಯುವಾಗ ನಾನು ಬೈದೆ, ಮತ್ತು ಬೈಗುಳದ ಜೊತೆಯಲ್ಲೇ ನಿನ್ನ ಹೆಸರು ಬಾಯಿಗೆ ಬಂತು. ಇಡೀ ಕಾಂಪೌಂಡಿಗೆ ಕೇಳಿಸುವಂತೆ ಕೂಗಿದೆ. ನಿನಗೆ ಕೇಳಿಸಿತೋ ಇಲ್ಲವೋ.

ಮರೆಯುವ ಮುಂಚೆ ಇದನ್ನು ಬರೆದು, ಪೂಜೆಯ ಪುಸ್ತಕದಲ್ಲೂ ಒಂದು ಮೊಳೆಯನ್ನು ಗುರುತಿಗೆ ಇಟ್ಟುಕೊಂಡಿದ್ದೇನೆ.

ಕಲ್ಲನ್ನು ಮೇಜಿನ ಮೇಲೆ, ಈ ಪತ್ರದ ಮೇಲೆ ಇಟ್ಟು ನೋಡಿದೆ. ಎಡಕ್ಕೆ ವಾಲುತ್ತದೆ.

ಫಾದರ್